ಕಡಲ ತಳಕ್ಕಿಳಿದ ಖಗೋಳ ವಿಜ್ಞಾನಿ: ಎಡ್ಮಂಡ್ ಹ್ಯಾಲಿ

ಹ್ಯಾಲಿ ಧೂಮಕೇತುವಿನ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. 1986ರಲ್ಲಿ ಅದು ಬಂದಾಗ ನಿಮ್ಮ ಅಜ್ಜ ಅಜ್ಜಿ ನಸುಕಿನಲ್ಲೆದ್ದು ಆಕಾಶ ನೋಡಿರಬಹುದು, ಕೇಳಿ ನೋಡಿ. ಆ ಧೂಮಕೇತುವಿಗೆ ತನ್ನ ಹೆಸರು ಕೊಟ್ಟವನು ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ. ಇದೇ ಹ್ಯಾಲಿ ಒಮ್ಮೆ ಮರದ ದೊಡ್ಡ ಕೊಳಗವನ್ನು ಬೋರಲು ಹಾಕಿದಂಥ ಒಂದು ಪಾತ್ರೆಯೊಳಗೆ ಕುಳಿತು ಸಮುದ್ರದ ತಳಕ್ಕೆ ಇಳಿದಿದ್ದ, ಅಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಹೊತ್ತು ಇದ್ದು ಮೇಲೆ ಬಂದಿದ್ದ ಎಂಬುದು ನಿಮಗೆ ಗೊತ್ತೇ? ಇದು ಮುನ್ನೂರು ವರ್ಷಗಳಿಗೂ ಹಿಂದಿನ ಮಾತು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ವಿದ್ಯೆಯನ್ನು ಆಗ ಯಾರೂ ಕನಸಿನಲ್ಲೂ ಕಂಡಿರಲಿಲ್ಲ.

ಹ್ಯಾಲಿ ಹುಟ್ಟಿದ್ದು 1656ರಲ್ಲಿ, ಲಂಡನ್ನಿನ ಹತ್ತಿರ. ತಂದೆ ಸಾಬೂನು ತಯಾರಿಸಿ ಮಾರುತ್ತಿದ್ದ ಶ್ರೀಮಂತ ವ್ಯಾಪಾರಿ. ಮಗನ ಓದಿಗೆ, ದೂರದರ್ಶಕಗಳಿಗೆ ಧಾರಾಳವಾಗಿ ಹಣ ಕೊಟ್ಟ. 1673ರಲ್ಲಿ ಹುಡುಗ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯ ಸೇರಿದ. ಆದರೆ ಪದವಿ ಮುಗಿಯುವವರೆಗೆ ಕಾಯುವ ತಾಳ್ಮೆ ಅವನಿಗಿರಲಿಲ್ಲ. ಉತ್ತರ ಗೋಳಾರ್ಧದ ನಕ್ಷತ್ರಗಳನ್ನು ಯೂರೋಪಿನ ಖಗೋಳಜ್ಞರು ಪಟ್ಟಿ ಮಾಡುತ್ತಲೇ ಇದ್ದರು. ದಕ್ಷಿಣದ ಆಕಾಶವನ್ನು ದೂರದರ್ಶಕ ಹಿಡಿದು ಅಳೆದವರು ಇರಲಿಲ್ಲ. 1676ರಲ್ಲಿ, ಇಪ್ಪತ್ತು ವರ್ಷದ ಹ್ಯಾಲಿ ಹಡಗು ಹತ್ತಿ ಅಟ್ಲಾಂಟಿಕ್ ಸಾಗರದ ನಡುವೆ ಇರುವ ಸೇಂಟ್ ಹೆಲಿನಾ ಎಂಬ ಪುಟ್ಟ ದ್ವೀಪಕ್ಕೆ ಹೊರಟುಬಿಟ್ಟ. ಅಲ್ಲಿ ಮೋಡಗಳ ಕಾಟವೋ ಕಾಟ. ಆದರೂ ಸಿಕ್ಕ ರಾತ್ರಿಗಳಲ್ಲೇ 341 ನಕ್ಷತ್ರಗಳ ಸ್ಥಾನಗಳನ್ನು ಗುರುತಿಸಿ ತಂದ. ಸೂರ್ಯನ ಬಿಂಬದ ಮೇಲೆ ಬುಧ ಗ್ರಹ ಚುಕ್ಕೆಯಂತೆ ಹಾದುಹೋಗುವುದನ್ನು 1677ರಲ್ಲಿ ಅಲ್ಲಿಂದಲೇ ನೋಡಿದ. ಊರಿಗೆ ಮರಳಿದಾಗ ರಾಜನ ಆಜ್ಞೆಯ ಮೇರೆಗೆ ಆಕ್ಸ್‌ಫರ್ಡ್ ಅವನಿಗೆ ಪದವಿ ಕೊಟ್ಟಿತು. ಲಂಡನ್ನಿನ ರಾಯಲ್ ಸೊಸೈಟಿ ಎಂಬ ವಿಜ್ಞಾನಿಗಳ ಸಂಘ 22ನೆಯ ವಯಸ್ಸಿಗೇ ಅವನನ್ನು ಸದಸ್ಯನನ್ನಾಗಿ ಆರಿಸಿಕೊಂಡಿತು.

1682ರಲ್ಲಿ ಮೇರಿ ಟೂಕ್ ಎಂಬವಳೊಡನೆ ಅವನ ಮದುವೆಯಾಯಿತು. ಅದೇ ವರ್ಷ ಆಕಾಶದಲ್ಲಿ ಒಂದು ಧೂಮಕೇತು ಕಾಣಿಸಿತು. ಹೊಸ ಮದುಮಗ ಅದರ ಸ್ಥಾನಗಳನ್ನು ಬರೆದಿಟ್ಟುಕೊಂಡ. ಆ ಕಾಗದಗಳು ಮುಂದೆ ಎಂಥ ಕೆಲಸಕ್ಕೆ ಬಂದವೆಂಬುದನ್ನು ಆಮೇಲೆ ನೋಡೋಣ.

1684 ಹ್ಯಾಲಿಗೆ ಕಷ್ಟದ ವರ್ಷ. ತಂದೆ ಒಂದು ದಿನ ಮನೆಯಿಂದ ಹೋದವನು ಮರಳಲಿಲ್ಲ. ಕೆಲವು ವಾರಗಳ ನಂತರ ಶವವಾಗಿ ನದಿ ದಂಡೆಯಲ್ಲಿ ಸಿಕ್ಕಿದ. ಆಸ್ತಿಯ ವ್ಯಾಜ್ಯಗಳು ಶುರುವಾದವು. ಅದೇ ವರ್ಷದ ಆಗಸ್ಟಿನಲ್ಲಿ ಅವನು ಕೇಂಬ್ರಿಜ್‌ಗೆ ಹೋಗಿ ಐಸಾಕ್ ನ್ಯೂಟನ್‌ನನ್ನು ಕಂಡ. ಸೂರ್ಯನ ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕಡಮೆಯಾಗುತ್ತಾ ಹೋದರೆ ಗ್ರಹದ ಹಾದಿ ಯಾವ ಆಕಾರದಲ್ಲಿರುತ್ತದೆ ಎಂಬುದು ಅವನ ಪ್ರಶ್ನೆ. ದೀರ್ಘವೃತ್ತ ಎಂದು ನ್ಯೂಟನ್ ಕೂಡಲೇ ಉತ್ತರಿಸಿದ. ತಾನು ಹಿಂದೆಯೇ ಲೆಕ್ಕ ಹಾಕಿದ್ದಾಗಿ ಹೇಳಿದ, ಆದರೆ ಲೆಕ್ಕದ ಹಾಳೆ ಸಿಗಲಿಲ್ಲ! ಹ್ಯಾಲಿ ಬಿಡಲಿಲ್ಲ. ಮತ್ತೆ ಬರೆಯುವಂತೆ ಒತ್ತಾಯಿಸಿದ, ಹುರಿದುಂಬಿಸಿದ, ಮುನಿಸಿಕೊಂಡಾಗ ಸಮಾಧಾನ ಮಾಡಿದ. ಹೀಗೆ ಹುಟ್ಟಿದ್ದೇ ಪ್ರಿನ್ಸಿಪಿಯಾ ಎಂಬ ಪ್ರಸಿದ್ಧ ಗ್ರಂಥ. ಅದನ್ನು ಅಚ್ಚು ಹಾಕಿಸಲು ರಾಯಲ್ ಸೊಸೈಟಿಯ ಬಳಿ ದುಡ್ಡಿರಲಿಲ್ಲ. ಮೀನುಗಳನ್ನು ಕುರಿತ ಚಿತ್ರಭರಿತ ಪುಸ್ತಕವೊಂದನ್ನು ಅಚ್ಚು ಮಾಡಿಸಿ, ಅದು ಮಾರಾಟವಾಗದೆ ಕೈ ಸುಟ್ಟುಕೊಂಡಿತ್ತು. ಹ್ಯಾಲಿ ತನ್ನ ಕೈಯಿಂದಲೇ ಖರ್ಚು ಹಾಕಿ, ಕರಡನ್ನು ತಾನೇ ತಿದ್ದಿ, 1687ರಲ್ಲಿ ಪ್ರಿನ್ಸಿಪಿಯಾವನ್ನು ಹೊರತಂದ. ಆಗ ಅವನು ಆ ಸಂಘದ ಗುಮಾಸ್ತನಾಗಿದ್ದ. ಸಂಬಳವನ್ನು ಹೇಗೆ ಕೊಟ್ಟರು ಗೊತ್ತೇ? ಮಾರಾಟವಾಗದ ಮೀನಿನ ಪುಸ್ತಕದ 50 ಪ್ರತಿಗಳ ರೂಪದಲ್ಲಿ.

ನಮಗೂ ಸಂಬಂಧಪಟ್ಟ ಒಂದು ಕೆಲಸವನ್ನು ಅವನು 1686ರಲ್ಲಿ ಮಾಡಿದ್ದ. ನಾವಿಕರು ತಂದ ವಿವರಗಳನ್ನು ಕಲೆಹಾಕಿ ಸಾಗರಗಳ ಮೇಲೆ ಬೀಸುವ ಗಾಳಿಗಳ ನಕ್ಷೆ ಬರೆದ. ಅದರಲ್ಲಿ ಹಿಂದೂ ಮಹಾಸಾಗರದ ಮಾನ್ಸೂನ್ ಮಾರುತಗಳೂ ಇದ್ದವು. ಜೂನಿನಲ್ಲಿ ನಮಗೆ ಮಳೆ ತರುವ ಮಾರುತಗಳೇ ಇವು. ನೆಲ ಬಿಸಿಯಾಗುತ್ತದೆ, ಅದರ ಮೇಲಿನ ಗಾಳಿ ಹಗುರವಾಗಿ ಏರುತ್ತದೆ, ಆ ಜಾಗಕ್ಕೆ ಕಡಲಿನ ಗಾಳಿ ನುಗ್ಗುತ್ತದೆ ಎಂದು ಅವನು ವಿವರಿಸಿದ. ಭೂಮಿಯ ಸುತ್ತುವಿಕೆಯ ಪರಿಣಾಮ ಅವನ ವಿವರಣೆಯಲ್ಲಿ ಇರಲಿಲ್ಲ. ಅದನ್ನು ಮುಂದಿನವರು ಸೇರಿಸಿದರು.

ಇನ್ನು ಕಡಲ ತಳದ ಕಥೆಗೆ ಬರೋಣ.

1691ರಲ್ಲಿ ರಾಯಲ್ ಆಫ್ರಿಕನ್ ಕಂಪನಿಗೆ ಸೇರಿದ ಗಿನಿ ಎಂಬ ಹಡಗು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ, ಸಸೆಕ್ಸ್ ಪ್ರಾಂತದ ಪ್ಯಾಗಮ್ ಎಂಬ ಹಳ್ಳಿಯ ಬಳಿ ಮುಳುಗಿತು. ಅದರಲ್ಲಿ ಆಫ್ರಿಕದಿಂದ ತಂದ ಚಿನ್ನ ಮತ್ತು ಆನೆದಂತ ಇದ್ದವು. (ಈ ಕಂಪನಿ ಆಫ್ರಿಕದ ಜನರನ್ನು ಗುಲಾಮರನ್ನಾಗಿ ಸಾಗಿಸಿ ಮಾರುವ ಹೇಯ ವ್ಯಾಪಾರವನ್ನೂ ಮಾಡುತ್ತಿತ್ತು ಎಂಬುದನ್ನು ಮರೆಯಬಾರದು.) ಸರಕನ್ನು ಮೇಲೆತ್ತುವುದು ಹೇಗೆ? ನುರಿತ ಮುಳುಗುಗಾರನಾದರೂ ಉಸಿರು ಬಿಗಿಹಿಡಿದು ಇರುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಇಳಿಯಬೇಕು, ಹುಡುಕಬೇಕು, ಕಟ್ಟಬೇಕು, ಮೇಲೇರಬೇಕು. ಜೊತೆಗೆ ಆ ಕಡಲು ತಣ್ಣಗೆ ಕೊರೆಯುವ ಕಡಲು. ಬೇಸಿಗೆಯಲ್ಲೂ ನೀರಿನ ಉಷ್ಣತೆ 17–18 ಡಿಗ್ರಿ ಸೆಲ್ಸಿಯಸ್ ಆದರೆ ಹೆಚ್ಚು. ಚಳಿಗಾಲದಲ್ಲಿ 8–9 ಡಿಗ್ರಿಗೆ ಇಳಿಯುತ್ತದೆ. ಗಾಳಿಗಿಂತ ನೀರು ನಮ್ಮ ಮೈಯ ಶಾಖವನ್ನು ಸುಮಾರು 25 ಪಟ್ಟು ಬೇಗ ಕಸಿಯುತ್ತದೆ. ಮಲ್ಪೆಯ ಕಡಲಿನಲ್ಲಿ ಆಡಿದಂತೆ ಅಲ್ಲಿ ಆಡಲಾಗದು.

ಮುಳುಗು ಗಂಟೆ ಎಂಬ ಸಾಧನ ಆಗಲೇ ಬಳಕೆಯಲ್ಲಿತ್ತು. ಇದರ ತತ್ತ್ವವನ್ನು ನೀವು ತರಗತಿಯಲ್ಲೇ ಮಾಡಿ ನೋಡಬಹುದು. ಒಂದು ಗಾಜಿನ ಲೋಟದ ತಳಕ್ಕೆ ಒಳಗಿನಿಂದ ಒಣ ಕಾಗದದ ಉಂಡೆಯನ್ನು ಗಟ್ಟಿಯಾಗಿ ತುರುಕಿ. ಲೋಟವನ್ನು ಬೋರಲು ಹಿಡಿದು, ಓರೆಯಾಗದಂತೆ ನೇರವಾಗಿ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ. ಹಾಗೇ ನೇರವಾಗಿ ಹೊರತೆಗೆಯಿರಿ. ಕಾಗದ ಒದ್ದೆಯಾಗಿರುವುದಿಲ್ಲ. ಲೋಟದೊಳಗಿನ ಗಾಳಿ ನೀರನ್ನು ಒಳಗೆ ಬಿಡಲಿಲ್ಲ. ಲೋಟದ ಜಾಗದಲ್ಲಿ ಮನುಷ್ಯ ಕೂರುವಷ್ಟು ದೊಡ್ಡ ಪಾತ್ರೆ, ಕಾಗದದ ಜಾಗದಲ್ಲಿ ಮನುಷ್ಯ. ಅದೇ ಮುಳುಗು ಗಂಟೆ. 1628ರಲ್ಲಿ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ವಾಸಾ ಎಂಬ ಸ್ವೀಡನ್ನಿನ ಯುದ್ಧನೌಕೆಯಿಂದ 1660ರ ದಶಕದಲ್ಲಿ 50ಕ್ಕೂ ಹೆಚ್ಚು ಫಿರಂಗಿಗಳನ್ನು ಇಂಥ ಗಂಟೆಯ ನೆರವಿನಿಂದಲೇ ಎತ್ತಿದ್ದರು. ಅದೂ ಮೂವತ್ತು ಮೀಟರಿಗೂ ಹೆಚ್ಚು ಆಳದಲ್ಲಿ, ಕತ್ತಲಲ್ಲಿ, ಮರಗಟ್ಟಿಸುವ ನೀರಿನಲ್ಲಿ. ಆ ಮುಳುಗುಗಾರರ ಎದೆಗಾರಿಕೆಯನ್ನು ಮೆಚ್ಚಲೇಬೇಕು.

ಆದರೆ ಹಳೆಯ ಗಂಟೆಗಳಿಗೆ ಎರಡು ದೊಡ್ಡ ಕೊರತೆಗಳಿದ್ದವು. ಒಂದು, ಒಳಗಿನ ಗಾಳಿ ಉಸಿರಾಟದಿಂದ ಬೇಗ ಕೆಡುತ್ತಿತ್ತು. ಇನ್ನೊಂದು, ಕೆಳಗಿಳಿದಂತೆ ಗಾಳಿ ಕುಗ್ಗುತ್ತಿತ್ತು. ನಿಮ್ಮ ಲೋಟವನ್ನು ಆಳವಾದ ಬಾವಿಗೆ ಇಳಿಸಿದರೆ ಆಗುವುದೂ ಇದೇ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ, ಗಾಳಿ ಅರ್ಧ ಜಾಗಕ್ಕೆ ಮುದುರುತ್ತದೆ, ಉಳಿದರ್ಧಕ್ಕೆ ನೀರು ಏರಿ ಬರುತ್ತದೆ. 18 ಮೀಟರಿಗೆ ಹೋದರೆ ಗಾಳಿ ಉಳಿಯುವುದು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಜಾಗದಲ್ಲಿ ಮಾತ್ರ. ಒಳಗೆ ಕುಳಿತವನ ಕುತ್ತಿಗೆಯವರೆಗೂ ತಣ್ಣೀರು! ಒತ್ತಡ ಹೆಚ್ಚಿದಂತೆ ಗಾಳಿಯ ಗಾತ್ರ ಕುಗ್ಗುವ ಈ ನಿಯಮವನ್ನು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ್ದ. ಹ್ಯಾಲಿಯ ಸಂಘದಲ್ಲೇ ಇದ್ದ ಹಿರಿಯ ಆತ. ಹ್ಯಾಲಿ ಸಸೆಕ್ಸ್ ತೀರದಲ್ಲಿ ಮುಳುಗುತ್ತಿದ್ದ ವರ್ಷದ ಕೊನೆಯ ದಿನ ಬಾಯ್ಲ್ ತೀರಿಕೊಂಡ.

ಹ್ಯಾಲಿ ಕಟ್ಟಿಸಿದ ಗಂಟೆ ಮರದ್ದು. ಮೇಲ್ಭಾಗ 3 ಅಡಿ, ಬಾಯಿ 5 ಅಡಿ ಅಗಲ. ಒಳಗೆ ಸುಮಾರು 60 ಘನ ಅಡಿ, ಅಂದರೆ 1,700 ಲೀಟರಿನಷ್ಟು ಜಾಗ. ಖಾಲಿ ಇದ್ದಾಗಲೂ ಮುಳುಗುವಷ್ಟು ಭಾರವಾಗಲೆಂದು ಹೊರಗೆ ಸೀಸದ ಹೊದಿಕೆ. ಓರೆಯಾಗದಿರಲೆಂದು ಬಾಯಿಯ ಅಂಚಿನ ಸುತ್ತ ತೂಕಗಳು. ಕೂರಲು ಒಳಗೆ ಸುತ್ತಲೂ ಹಲಗೆ. ನೆತ್ತಿಯಲ್ಲಿ ಬೆಳಕಿಗಾಗಿ ದಪ್ಪ ಗಾಜು, ಅದರ ಪಕ್ಕದಲ್ಲೇ ಒಂದು ನಲ್ಲಿ. ಈ ನಲ್ಲಿ ಏಕೆ ಎಂದು ಯೋಚಿಸಿದಿರಾ? ನಾವು ಬಿಟ್ಟ ಉಸಿರು ಬಿಸಿ, ಬಿಸಿ ಗಾಳಿ ಮೇಲಕ್ಕೆ ಏರುತ್ತದೆ. ನೆತ್ತಿಯ ನಲ್ಲಿಯನ್ನು ತಿರುಗಿಸಿದರೆ ಕೆಟ್ಟ ಗಾಳಿಯೇ ಮೊದಲು ಹೊರಗೆ ಹೋಗುತ್ತದೆ. ಆಗ ಮೇಲೆ ಸಮುದ್ರ ಕುದಿಯುತ್ತಿರುವಂತೆ ಗುಳ್ಳೆಗಳು ಎದ್ದು ನೀರು ಬೆಳ್ಳಗಾಗುತ್ತಿತ್ತಂತೆ.

ಹೊಸ ಗಾಳಿ ತರುವ ಉಪಾಯವೇ ಅವನ ನಿಜವಾದ ಜಾಣ್ಮೆ. ಸೀಸ ಹೊದಿಸಿದ ಎರಡು ಪೀಪಾಯಿಗಳು. ಒಂದೊಂದೂ 36 ಗ್ಯಾಲನ್, ಮನೆಗಳಲ್ಲಿ ನೀರು ತುಂಬಿಡುವ ಪ್ಲಾಸ್ಟಿಕ್ ಡ್ರಮ್ಮಿಗಿಂತ ಸ್ವಲ್ಪ ಚಿಕ್ಕದು. ಪೀಪಾಯಿಯ ತಳದಲ್ಲಿ ಒಂದು ತೂತು. ಮೇಲ್ಭಾಗಕ್ಕೆ ಜೇನುಮೇಣ ಮತ್ತು ಎಣ್ಣೆ ಕುಡಿಸಿದ ಚರ್ಮದ ಕೊಳವೆ. ಈ ಕೊಳವೆಯ ತುದಿ ಪೀಪಾಯಿಯ ತಳಕ್ಕಿಂತಲೂ ಕೆಳಗೆ ಜೋತುಬೀಳುವಷ್ಟು ಉದ್ದ. ತುದಿ ಕೆಳಗೆ ಇರುವವರೆಗೂ ಗಾಳಿ ಹೊರಬರಲಾರದು, ಏಕೆಂದರೆ ಅಲ್ಲಿ ನೀರಿನ ಒತ್ತಡ ಹೆಚ್ಚು. ಪೀಪಾಯಿ ಗಂಟೆಯ ಕೆಳಗೆ ಬಂದಾಗ ಒಳಗಿರುವವನು ಕೊಳವೆಯ ತುದಿಯನ್ನು ಹಿಡಿದು ಗಂಟೆಯೊಳಕ್ಕೆ ಎತ್ತುತ್ತಾನೆ. ಕೂಡಲೇ ತಳದ ತೂತಿನಿಂದ ನೀರು ಒಳಗೆ ನುಗ್ಗಿ ಪೀಪಾಯಿಯ ಗಾಳಿಯನ್ನೆಲ್ಲ ರಭಸದಿಂದ ಗಂಟೆಗೆ ತಳ್ಳುತ್ತದೆ. ಪಂಪು ಬೇಡ, ಯಂತ್ರ ಬೇಡ, ಕಡಲೇ ಗಾಳಿಯನ್ನು ಊದಿಕೊಡುತ್ತದೆ. ಒಂದು ಪೀಪಾಯಿ ಇಳಿಯುವಾಗ ಇನ್ನೊಂದು ಮೇಲೇರುತ್ತಿತ್ತು, ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡಗಳ ಹಾಗೆ. ಗಾಳಿ ಬಂದಷ್ಟೂ ಒಳಗಿನ ನೀರು ಕೆಳಗಿಳಿದು, ಕಡೆಗೆ ಗಂಟೆಯ ಬಾಯಿಯವರೆಗೂ ಒಣಗಿದ ಜಾಗ ಸಿಗುತ್ತಿತ್ತು.

ಗಂಟೆ ತಯಾರಾಯಿತು, ಸರಿ. ಅದರೊಳಗೆ ಇಳಿಯುವವರು ಯಾರು? ಹ್ಯಾಲಿ ಆಳುಗಳನ್ನು ಇಳಿಸಿ ದಡದಲ್ಲಿ ನಿಂತು ನೋಡಲಿಲ್ಲ. ನಾಲ್ವರೊಡನೆ ತಾನೂ ಒಬ್ಬನಾಗಿ ಕುಳಿತ. 9–10 ಮಾರು ಆಳಕ್ಕೆ, ಎಂದರೆ ಸುಮಾರು 17–18 ಮೀಟರ್ ಕೆಳಗೆ ಇಳಿದ. ಆರಂತಸ್ತಿನ ಕಟ್ಟಡದ ಎತ್ತರವನ್ನು ಊಹಿಸಿಕೊಳ್ಳಿ. ಇಳಿಯುವಾಗ ಕಿವಿಗಳಲ್ಲಿ ಗರಿಯ ಬುಡದಿಂದ ಚುಚ್ಚಿದಂಥ ನೋವು. ಸ್ವಲ್ಪ ಹೊತ್ತಿಗೆ ಒಳಗೇನೋ ತೆರೆದಂತಾಗಿ ನೋವು ಮಾಯ. ಇನ್ನಷ್ಟು ಇಳಿದರೆ ಮತ್ತೆ ನೋವು. ಮೂಗು ಗಂಟಲುಗಳಿಂದ ಕಿವಿಯ ಒಳಭಾಗಕ್ಕೆ ಹೋಗುವ ಸಣ್ಣ ನಾಳವೊಂದಿದೆ. ಅದು ತೆರೆದುಕೊಂಡು ತಮಟೆಯ ಎರಡೂ ಬದಿಯ ಒತ್ತಡ ಸಮವಾದಾಗ ಉಪಶಮನ ಸಿಗುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸು ಇಳಿಯುವಾಗ ನಿಮ್ಮ ಕಿವಿ ಕಟ್ಟಿ, ಉಗುಳು ನುಂಗಿದಾಗ ಬಿಡುತ್ತದಲ್ಲ, ಅದೇ. ಹ್ಯಾಲಿ ಗಂಟೆಯನ್ನು ಒಮ್ಮೆಲೇ ಇಳಿಸದೆ, ಆಗಾಗ ನಿಲ್ಲಿಸಿ, ಒಳಬಂದ ನೀರನ್ನು ಪೀಪಾಯಿಗಳ ಗಾಳಿಯಿಂದ ಹೊರತಳ್ಳಿ ಮುಂದುವರಿಯುತ್ತಿದ್ದ.

ತಳದಲ್ಲಿ ಏನು ಕಂಡ? ಕಡಲು ಶಾಂತವಾಗಿದ್ದು ಬಿಸಿಲಿದ್ದರೆ ನೆತ್ತಿಯ ಗಾಜಿನಿಂದ ಓದಿ ಬರೆಯುವಷ್ಟು ಬೆಳಕು ಬರುತ್ತಿತ್ತು. ಕಡಲು ಕದಡಿದ್ದರೆ ರಾತ್ರಿಯಂಥ ಕತ್ತಲು, ಮೇಣದಬತ್ತಿ ಹಚ್ಚಬೇಕಾಗುತ್ತಿತ್ತು. ಮೇಲಿನವರಿಗೆ ಸುದ್ದಿ ಕಳಿಸಲು ಸೀಸದ ತಗಡಿನ ಮೇಲೆ ಕಬ್ಬಿಣದ ಕಡ್ಡಿಯಿಂದ ಗೀಚಿ, ಖಾಲಿ ಪೀಪಾಯಿಯ ಜೊತೆ ಮೇಲಕ್ಕೆ ಕಳಿಸುತ್ತಿದ್ದ. ಒಂದು ದಿನ ಅವನು ತನ್ನ ಕೈಯನ್ನು ಗಮನಿಸಿದ. ಗಾಜಿನಿಂದ ಬಂದ ಬೆಳಕು ಬಿದ್ದ ಮೇಲ್ಭಾಗ ಗುಲಾಬಿಯಂತೆ ಕೆಂಪು, ಕೆಳಗಿನ ನೀರಿನಿಂದ ಬೆಳಕು ಬಿದ್ದ ಅಡಿಭಾಗ ಹಸಿರು! ಇದನ್ನು ನ್ಯೂಟನ್‌ಗೆ ಹೇಳಿದ. ನ್ಯೂಟನ್ ಬೆಳಕನ್ನು ಕುರಿತ ತನ್ನ ಗ್ರಂಥದಲ್ಲಿ ಈ ಸಂಗತಿಯನ್ನು ಬಳಸಿಕೊಂಡು, ಕಡಲ ನೀರಿನಲ್ಲಿ ಕೆಂಪು ಕಿರಣಗಳೇ ಹೆಚ್ಚು ಆಳಕ್ಕೆ ಹೋಗುತ್ತವೆ ಎಂದು ತೀರ್ಮಾನಿಸಿದ. ಆದರೆ ಇದು ತಪ್ಪು. ನೀರು ಕೆಂಪನ್ನೇ ಮೊದಲು ಹೀರಿಬಿಡುತ್ತದೆ. ಇಂದು ಆಳಕ್ಕೆ ಮುಳುಗುವ ಯಾರನ್ನು ಕೇಳಿದರೂ ಕೆಂಪು ಬಟ್ಟೆ ಅಲ್ಲಿ ಕಂದಾಗಿ ಕಾಣುತ್ತದೆ ಎನ್ನುತ್ತಾರೆ. ಕಣ್ಣಿಗೆ ಕಂಡದ್ದು ನಿಜವಾದರೂ ಅದಕ್ಕೆ ಕೊಟ್ಟ ಕಾರಣ ತಪ್ಪಾಗಬಹುದು, ನ್ಯೂಟನ್ ಕೊಟ್ಟರೂ ಸಹ.

ಐವರೂ ಒಂದೂವರೆ ಗಂಟೆಗೂ ಮಿಕ್ಕಿ ಕೆಳಗಿದ್ದು, ಏನೂ ತೊಂದರೆಯಿಲ್ಲದೆ ಮೇಲೆ ಬಂದರು. ಇದನ್ನು ಓದುವಾಗ ಇಂದಿನ ಮುಳುಗುಗಾರರು ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತಾರೆ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ಹೆಚ್ಚಾಗಿ ರಕ್ತದಲ್ಲಿ ಕರಗುತ್ತದೆ. ಬೇಗನೆ ಮೇಲೆ ಬಂದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಏಳುವಂತೆ ಗುಳ್ಳೆಗಳು ಮೈಯೊಳಗೇ ಏಳುತ್ತವೆ. ಕೀಲುನೋವು, ಪಾರ್ಶ್ವವಾಯು, ಸಾವೂ ಬರಬಹುದು. ಇಂದಿನ ಕೋಷ್ಟಕಗಳ ಪ್ರಕಾರ ಅಷ್ಟು ಆಳದಲ್ಲಿ ಅಷ್ಟು ಹೊತ್ತು ಇದ್ದವರು ಮೇಲೇರುವಾಗ ನಡುವೆ ನಿಂತು ನಿಂತು ಬರಬೇಕು. ಹ್ಯಾಲಿಯ ಕಾಲದಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗಂಟೆಯಲ್ಲಿ ಇಳಿಯುವ ಕೆಲಸವೇ ಅಪಾಯದ್ದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಹ್ಯಾಲಿಯ ಗಂಟೆಯನ್ನು ಸುಧಾರಿಸಿದ ಚಾರ್ಲ್ಸ್ ಸ್ಪಾಲ್ಡಿಂಗ್ ಎಂಬ ಸ್ಕಾಟ್ಲೆಂಡಿನವನು 1783ರಲ್ಲಿ ಡಬ್ಲಿನ್ ಬಳಿ ಮುಳುಗಿದ್ದ ಹಡಗೊಂದರ ಸರಕನ್ನು ಎತ್ತಲು ಇಳಿದ. ಅವನೂ ಅವನ ಜೊತೆಗಾರನೂ ಗಂಟೆಯೊಳಗೇ ಸತ್ತರು.

ಗಂಟೆ ಎಲ್ಲಿ ನಿಂತಿದೆಯೋ ಅಲ್ಲಿ ಮಾತ್ರ ಕೆಲಸ ಮಾಡಬಹುದು, ಹಡಗಿನ ಅವಶೇಷ ನಾಲ್ಕು ಮಾರು ಆಚೆಗಿದ್ದರೆ? ಹ್ಯಾಲಿ ಇದಕ್ಕೂ ಉಪಾಯ ಹುಡುಕಿದ. ಒಬ್ಬನ ತಲೆಗೆ ಚಿಕ್ಕ ಗಂಟೆಯಂಥ ಭಾರದ ಟೋಪಿ ತೊಡಿಸಿ, ದೊಡ್ಡ ಗಂಟೆಯಿಂದ ಕೊಳವೆಯ ಮೂಲಕ ಗಾಳಿ ಕೊಟ್ಟು, ಕಡಲ ತಳದಲ್ಲಿ ನಡೆದಾಡಲು ಕಳಿಸಿದ. ಒಂದೇ ಎಚ್ಚರಿಕೆ: ಟೋಪಿಯ ಅಂಚು ದೊಡ್ಡ ಗಂಟೆಯೊಳಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಕೂಡದು. ಹೋದರೆ ಗಾಳಿ ಹಿಂದಕ್ಕೆ ಓಡಿ ಟೋಪಿಗೆ ನೀರು ನುಗ್ಗುತ್ತದೆ. ಏಕೆಂದು ನೀವೇ ಲೆಕ್ಕ ಹಾಕಿ. ಮೇಲೆ ಪೀಪಾಯಿಯ ಕೊಳವೆಗೆ ಹೇಳಿದ ಕಾರಣವೇ ಇಲ್ಲೂ ಇದೆ.

ಹೊರಗೆ ಹೋದವನಿಗೆ ಇನ್ನೊಂದು ಶತ್ರು ಚಳಿ. ಹ್ಯಾಲಿ ಇದಕ್ಕೆ ಸೂಚಿಸಿದ ಪರಿಹಾರ ನನಗೆ ಬಹಳ ಇಷ್ಟ. ಕಂಬಳಿಯಂಥ ದಪ್ಪ ಉಣ್ಣೆ ಬಟ್ಟೆಯಿಂದ ಮೈಗೆ ಅಂಟುವಂತೆ ಅಂಗಿ, ಚಲ್ಲಣ ಹೊಲಿಸಿ ತೊಡಬೇಕು. ಬಟ್ಟೆ ನೀರು ಕುಡಿಯುತ್ತದೆ, ಕುಡಿಯಲಿ. ಆ ನೀರು ಮೈಯ ಶಾಖದಿಂದಲೇ ಸ್ವಲ್ಪ ಬೆಚ್ಚಗಾಗುತ್ತದೆ, ಹೊಸ ತಣ್ಣೀರು ಮೈಗೆ ತಾಕದಂತೆ ತಡೆಯುತ್ತದೆ. 1950ರ ದಶಕದಿಂದ ಮುಳುಗುಗಾರರು ತೊಡುತ್ತಿರುವ ರಬ್ಬರಿನಂಥ ಒದ್ದೆ ಉಡುಪಿನಲ್ಲೂ ಮೈಗೂ ಬಟ್ಟೆಗೂ ನಡುವೆ ತೆಳು ನೀರಿನ ಪದರ ಇರುತ್ತದೆ. ಅಲ್ಲಿ ಚಳಿಯನ್ನು ತಡೆಯುವ ಮುಖ್ಯ ಕೆಲಸ ರಬ್ಬರಿನೊಳಗಿನ ಸಣ್ಣ ಸಣ್ಣ ಗುಳ್ಳೆಗಳದು. ಆದರೂ ಬೆಚ್ಚಗಾದ ನೀರನ್ನು ಹೊರಹೋಗಲು ಬಿಡಬಾರದು ಎಂಬ ಮಾತು ಹ್ಯಾಲಿಯದೇ.

ಹಡಗಿನ ಈ ಕೆಲಸಕ್ಕೆ ಹ್ಯಾಲಿ ತೆತ್ತ ಬೆಲೆ ಸಣ್ಣದಲ್ಲ. 1691ರಲ್ಲೇ ಆಕ್ಸ್‌ಫರ್ಡ್‌ನಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕ ಹುದ್ದೆ ಖಾಲಿಯಾಗಿತ್ತು. ಅವನು ಬಹಳ ಬಯಸಿದ್ದ ಹುದ್ದೆ ಅದು. ಆದರೆ ಅವನಿದ್ದದ್ದು ಪ್ಯಾಗಮ್ ತೀರದಲ್ಲಿ. ತಾನು ಬರುವವರೆಗೆ ಆಯ್ಕೆಯನ್ನು ತಡೆಹಿಡಿಯಲು ಯತ್ನಿಸುವಂತೆ ಲಂಡನ್ನಿನ ಗೆಳೆಯನಿಗೆ ಅಲ್ಲಿಂದಲೇ ಕಾಗದ ಬರೆದ. ಅವನ ದೈವಭಕ್ತಿಯ ಬಗ್ಗೆಯೂ ಕೆಲವರಿಗೆ ಅನುಮಾನವಿತ್ತು. ಹುದ್ದೆ ಡೇವಿಡ್ ಗ್ರೆಗರಿ ಎಂಬವನ ಪಾಲಾಯಿತು. ಹ್ಯಾಲಿ ಮತ್ತೆ ಗಂಟೆಯ ಕೆಲಸಕ್ಕೆ ಮರಳಿದ. ಮುಳುಗಿದ ಹಡಗುಗಳ ಸರಕು ಎತ್ತಲು ಕಂಪನಿಯನ್ನೂ ಕಟ್ಟಿದ. ಈ ವಿದ್ಯೆಯ ಪೂರ್ತಿ ವಿವರವನ್ನು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಮಾತ್ರ 1716ರಲ್ಲಿ.

ಉಳಿದ ಸಾಧನೆಗಳನ್ನು ಹೇಳುತ್ತ ಹೋದರೆ ಈ ಪುಟ ಸಾಲದು. 1693ರಲ್ಲಿ ಬ್ರೆಸ್ಲೌ ಎಂಬ ನಗರದ ಜನನ ಮರಣಗಳ ಲೆಕ್ಕದಿಂದ, ಯಾವ ವಯಸ್ಸಿನವರು ಎಷ್ಟು ಕಾಲ ಬದುಕಬಹುದೆಂಬ ಕೋಷ್ಟಕ ತಯಾರಿಸಿದ. ಇಂದಿನ ಜೀವವಿಮೆಯ ಲೆಕ್ಕಾಚಾರದ ಬೇರು ಅಲ್ಲಿದೆ. 1698ರಲ್ಲಿ ಪ್ಯಾರಮೋರ್ ಎಂಬ ಸಣ್ಣ ನೌಕೆಯ ಕಪ್ತಾನನಾಗಿ ಅಟ್ಲಾಂಟಿಕ್‌ಗೆ ಹೊರಟ. ದಿಕ್ಸೂಚಿಯ ಮುಳ್ಳು ಎಲ್ಲಿ ಎಷ್ಟು ಓರೆಯಾಗುತ್ತದೆ ಎಂದು ಅಳೆಯುವುದು ಉದ್ದೇಶ. ಕೈಕೆಳಗಿನ ನೌಕಾಧಿಕಾರಿ, ಈ ಪುಸ್ತಕದ ಹುಳು ಹಡಗು ನಡೆಸಬಲ್ಲನೇ ಎಂದು ಎಲ್ಲರೆದುರು ಹಂಗಿಸಿದ. ಹ್ಯಾಲಿ ಅವನನ್ನು ಅವನ ಕೋಣೆಯಲ್ಲಿ ಇರಿಸಿ, ತಾನೇ ಹಡಗನ್ನು ಇಂಗ್ಲೆಂಡಿಗೆ ತಲುಪಿಸಿದ! ಎರಡನೇ ಯಾನದಲ್ಲಿ ದಕ್ಷಿಣಕ್ಕೆ 52 ಡಿಗ್ರಿ ಅಕ್ಷಾಂಶದವರೆಗೆ ಹೋದಾಗ ಚಪ್ಪಟೆ ನೆತ್ತಿಯ ನೀರ್ಗಲ್ಲ ಗುಡ್ಡಗಳು ಎದುರಾದವು. ಮೊದಲು ದ್ವೀಪಗಳೆಂದೇ ತಿಳಿದಿದ್ದರು. ಮಂಜು ಮುಸುಕಿದಾಗ ಅವುಗಳಿಗೆ ಡಿಕ್ಕಿಯಾಗದೆ ಪಾರಾದದ್ದು ಅದೃಷ್ಟ. 1701ರಲ್ಲಿ ಹೊರತಂದ ನಕ್ಷೆಯಲ್ಲಿ ಒಂದೇ ಪ್ರಮಾಣದ ಓರೆ ಇರುವ ಸ್ಥಳಗಳನ್ನು ಗೆರೆ ಎಳೆದು ಜೋಡಿಸಿದ. ನಿಮ್ಮ ಭೂಪಟದ ಪುಸ್ತಕದಲ್ಲಿ ಸಮ ಎತ್ತರ, ಸಮ ಉಷ್ಣತೆಯ ಗೆರೆಗಳಿವೆಯಲ್ಲ, ಅವುಗಳ ಹಿರಿಯಣ್ಣ ಈ ಗೆರೆ.

1704ರಲ್ಲಿ ಕೊನೆಗೂ ಆಕ್ಸ್‌ಫರ್ಡ್ ಅವನನ್ನು ರೇಖಾಗಣಿತದ ಪ್ರಾಧ್ಯಾಪಕನನ್ನಾಗಿ ಕರೆಯಿತು. ಮರುವರ್ಷ ಧೂಮಕೇತುಗಳ ಲೇಖನ ಬಂತು. 24 ಧೂಮಕೇತುಗಳ ಹಾದಿಗಳನ್ನು ನ್ಯೂಟನ್‌ನ ನಿಯಮದಂತೆ ಅವನು ಲೆಕ್ಕ ಹಾಕಿದ್ದ. ಕ್ಯಾಲ್ಕುಲೇಟರ್ ಇಲ್ಲದ ಕಾಲ, ಎಲ್ಲವೂ ಕೈಬರಹ. 1531, 1607 ಮತ್ತು ತಾನೇ ಕಂಡಿದ್ದ 1682ರ ಧೂಮಕೇತುಗಳ ಹಾದಿಗಳು ಬಹುತೇಕ ಒಂದೇ ಇದ್ದವು. ನಡುವಿನ ಅಂತರ 76, 75 ವರ್ಷ. ಮೂರಲ್ಲ, ಒಂದೇ ಧೂಮಕೇತು ಮೂರು ಸಲ ಬಂದಿದೆ ಎಂದು ಹ್ಯಾಲಿ ತರ್ಕಿಸಿದ. 1758ರ ಹೊತ್ತಿಗೆ ಮತ್ತೆ ಬರಬೇಕು ಎಂದ. ಆಗ ತಾನು ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇದ್ದಿದ್ದರೆ 102 ವರ್ಷ!

ಬದುಕಿರುವಾಗ ನೋಡಲಾಗದ ಇನ್ನೊಂದನ್ನೂ ಅವನು ಮುಂದಿನವರಿಗೆ ಬಿಟ್ಟುಹೋದ. ಶುಕ್ರ ಗ್ರಹ ಸೂರ್ಯನ ಬಿಂಬವನ್ನು ದಾಟುವುದನ್ನು ಭೂಮಿಯ ಬೇರೆ ಬೇರೆ ಕಡೆಗಳಿಂದ ನೋಡಿ ಸಮಯ ಅಳೆದರೆ ಸೂರ್ಯನ ದೂರ ತಿಳಿಯಬಹುದೆಂದು 1716ರಲ್ಲಿ ಬರೆದ. ಅದರಂತೆ 1761 ಮತ್ತು 1769ರಲ್ಲಿ ನಾನಾ ದೇಶಗಳ ವಿಜ್ಞಾನಿಗಳು ಜಗತ್ತಿನ ಮೂಲೆ ಮೂಲೆಗೆ ಹಡಗು ಹತ್ತಿದರು. 2004ರ ಜೂನ್ 8ರಂದು ಇದೇ ಶುಕ್ರ ಸಂಕ್ರಮಣ ನಮ್ಮ ರಾಜ್ಯದಲ್ಲೂ ಕಂಡಿತು.

1720ರಲ್ಲಿ ಹ್ಯಾಲಿ ಗ್ರೀನಿಚ್‌ನಲ್ಲಿ ರಾಜ ಖಗೋಳಜ್ಞನಾದ. ಹೋಗಿ ನೋಡಿದರೆ ವೀಕ್ಷಣಾಲಯ ಖಾಲಿ. ಹಿಂದಿನವನಾದ ಫ್ಲಾಮ್‌ಸ್ಟೀಡ್‌ನಿಗೂ ಹ್ಯಾಲಿಗೂ ಆಗಿಬರುತ್ತಿರಲಿಲ್ಲ. ಉಪಕರಣಗಳು ಗಂಡನ ಸ್ವಂತದ್ದೆಂದು ಅವನ ಹೆಂಡತಿ ಎಲ್ಲವನ್ನೂ ಒಯ್ದಿದ್ದಳು. ಹ್ಯಾಲಿ ಸರ್ಕಾರದಿಂದ ಹಣ ಪಡೆದು ಹೊಸ ಉಪಕರಣ ಮಾಡಿಸಿದ. ಅರವತ್ತು ದಾಟಿದ ಈ ಮುದುಕ ಹದಿನೆಂಟು ವರ್ಷ ಹಿಡಿಯುವ ಚಂದ್ರನ ವೀಕ್ಷಣೆಗೆ ಕೈಹಾಕಿದ್ದನ್ನು ಕಂಡು ಎಷ್ಟು ಜನ ನಕ್ಕರೋ! ಅವನು ಅದನ್ನೂ ಮುಗಿಸಿದ. 1742ರ ಜನವರಿಯಲ್ಲಿ, 85ನೆಯ ವಯಸ್ಸಿನಲ್ಲಿ ತೀರಿಕೊಂಡ.

ಅವನು ಮುಳುಗಿದ ಕಡಲಿನಿಂದ ಸ್ವಲ್ಪ ಪಶ್ಚಿಮಕ್ಕೆ, ಪೋರ್ಟ್ಸ್‌ಮತ್ ಬಳಿ, 1545ರಲ್ಲಿ ಮುಳುಗಿದ್ದ ಮೇರಿ ರೋಸ್ ಎಂಬ ಯುದ್ಧನೌಕೆಯನ್ನು 1982ರಲ್ಲಿ ಮೇಲೆತ್ತಿದರು. ಸಿಲಿಂಡರ್ ಹೊತ್ತ ನೂರಾರು ಮುಳುಗುಗಾರರು ಅದೇ ಮಬ್ಬು ತಣ್ಣೀರಿನಲ್ಲಿ ವರ್ಷಗಟ್ಟಲೆ ದುಡಿದು, ನಾವಿಕರ ಬಟ್ಟಲು, ಬಾಚಣಿಗೆ, ಬಿಲ್ಲುಗಳನ್ನೂ ಜೋಪಾನವಾಗಿ ತಂದರು.

ಧೂಮಕೇತು? ಗುರು ಮತ್ತು ಶನಿ ಗ್ರಹಗಳ ಸೆಳೆತದಿಂದ ಅದು ತಡವಾಗುತ್ತದೆಂದು ಫ್ರಾನ್ಸಿನ ಕ್ಲೆರೋ, ಲಲಾಂಡ್ ಮತ್ತು ನಿಕೋಲ್ ಲೆಪೋಟ್ ಎಂಬ ಮಹಿಳೆ ತಿಂಗಳುಗಟ್ಟಲೆ ಕೂಡಿ ಕಳೆದು ಲೆಕ್ಕ ಹಾಕಿದರು. 1758ರ ಡಿಸೆಂಬರ್ 25ರ ರಾತ್ರಿ, ಜರ್ಮನಿಯ ಸ್ಯಾಕ್ಸನಿಯಲ್ಲಿ ಬೇಸಾಯ ಮಾಡಿಕೊಂಡಿದ್ದ ಪಾಲಿಟ್ಜ್ ಎಂಬ ರೈತ ತನ್ನ ದೂರದರ್ಶಕದಲ್ಲಿ ಅದನ್ನು ಮೊದಲು ಕಂಡ. ಆಮೇಲೆ 1835, 1910, 1986ರಲ್ಲೂ ಬಂತು. 2023ರ ಡಿಸೆಂಬರಿನಲ್ಲಿ ಸೂರ್ಯನಿಂದ ಅತ್ಯಂತ ದೂರದ ತುದಿಯನ್ನು ಮುಟ್ಟಿ, ಈಗ ಮರಳಿ ಈ ಕಡೆಗೆ ಹೊರಟಿದೆ. 2061ರಲ್ಲಿ ಸೂರ್ಯನ ಬಳಿ ಬರುತ್ತದೆ. ಇಂದು ಒಂದನೇ ತರಗತಿಯಲ್ಲಿರುವವರಿಗೆ ಆಗ ನಲವತ್ತರ ಆಸುಪಾಸು.